ಆಪ್ಟಿಕಲ್ ಫೈಬರ್ ಹುಟ್ಟಿದ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಹೊಂಗೆ ಮರದ ಕೊಂಬೆ ಮುರಿದು ಬಿತ್ತು. ಇಂಟರ್ನೆಟ್ ಕೇಬಲ್ಲೂ ಅದರ ಜೊತೆ ಜೋತುಬಿತ್ತು. ಮನೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ. ರಿಪೇರಿಗೆ ಬಂದ ಹುಡುಗ ಕೇಬಲ್ ತುದಿಯನ್ನು ಅಂಗೈ ಅಗಲದ ಮೀಟರಿಗೆ ಚುಚ್ಚಿ ನೋಡಿದ. "ಲೈಟ್ ಬರ್ತಾ ಇದೆ ಸಾರ್, ಆದ್ರೆ ಲಾಸ್ ಜಾಸ್ತಿ" ಅಂದ.

ಆ 'ಲಾಸ್' ಅನ್ನೋ ಪದ, ಅಂದರೆ ದಾರಿಯಲ್ಲಿ ಬೆಳಕು ಪೋಲಾಗೋದು, ನನಗೆ ಬಹಳ ಇಷ್ಟ. ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ; ಅದರ ಚರಿತ್ರೆಯ ಮುಕ್ಕಾಲು ಪಾಲು ಜಗಳ ಈ ಲಾಸಿನದ್ದೇ. ಅವತ್ತಿನಿಂದ ಮನೆಯವರು, ಪಕ್ಕದ ಮನೆಯವರು, ಕಾಲೇಜಿಗೆ ಹೋಗುವ ಅಣ್ಣನ ಮಗಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಬೆಳಕು ನೇರವಾಗಿ ಹೋಗುತ್ತೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಬಾಗಿದ ಗಾಜಿನ ಎಳೆಯೊಳಗೆ ಅದು ಹೇಗೆ ತಿರುಗುತ್ತೆ?

ತಿರುಗೋದಿಲ್ಲ, ಪುಟಿಯುತ್ತೆ. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ. ಲೋಟವನ್ನು ಕಣ್ಣಿಗಿಂತ ಮೇಲೆ ಎತ್ತಿ ಹಿಡಿದು, ಕೆಳಗಿನಿಂದ ಓರೆಯಾಗಿ ನೀರಿನ ಮೇಲ್ಮೈಯನ್ನು ನೋಡಿ. ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತೆ. ನೀರೊಳಗಿನ ಬೆಳಕು ಓರೆಯಾಗಿ ಹೋಗಿ ಮೇಲ್ಮೈಗೆ ಬಡಿದಾಗ ಗಾಳಿಗೆ ದಾಟೋಕಾಗದೆ ಪೂರ್ತಿ ವಾಪಸ್ ಬರುತ್ತೆ. ಗಾಜಿನ ಎಳೆಯಲ್ಲೂ ಇಷ್ಟೇ. ನಡುವಿನ ತಿರುಳಿನ ಗಾಜು ಬೆಳಕನ್ನು ಸ್ವಲ್ಪ ಜಾಸ್ತಿ ಬಗ್ಗಿಸುವಂಥದ್ದು, ಸುತ್ತಲಿನ ಹೊದಿಕೆಯ ಗಾಜು ಸ್ವಲ್ಪ ಕಡಿಮೆ ಬಗ್ಗಿಸುವಂಥದ್ದು. ಎರಡರ ಗಡಿಯಲ್ಲಿ ಬೆಳಕು ಪುಟಿಯುತ್ತಾ ಮುಂದೆ ಹೋಗುತ್ತೆ.

ಕನ್ನಡಿ ಹಚ್ಚಿದ ಕೊಳವೆಯಲ್ಲಿ ಕಳಿಸಿದರೆ ಆಗಲ್ವಾ ಅಂತ ಕೇಳಬಹುದು. ಒಳ್ಳೆಯ ಕನ್ನಡಿ ಕೂಡ ಪ್ರತಿ ಸಲವೂ ಒಂದಿಷ್ಟು ಬೆಳಕನ್ನು ನುಂಗುತ್ತೆ. ಸಾವಿರ ಸಲ ಪುಟಿಯುವ ಹೊತ್ತಿಗೆ ಏನೂ ಉಳಿದಿರೋದಿಲ್ಲ. ಈ ಪೂರ್ಣ ಪ್ರತಿಫಲನದಲ್ಲಿ ಹಾಗೆ ಪೋಲಾಗೋದೇ ಇಲ್ಲ.

ಇದನ್ನು ಮೊದಲು ತೋರಿಸಿದವರು ಯಾರು?

ತುಂಬಾ ಕಡೆ ಜಾನ್ ಟಿಂಡಾಲ್ ಹೆಸರು ಬರುತ್ತೆ. ಅವರು ಲಂಡನ್ನಿನಲ್ಲಿ 1854ರಲ್ಲಿ ತೊಟ್ಟಿಯಿಂದ ಚಿಮ್ಮುವ ನೀರಿನ ಧಾರೆಯೊಳಗೆ ಬೆಳಕು ಬಾಗಿ ಹೋಗೋದನ್ನು ಸಭೆಗೆ ತೋರಿಸಿದ್ದು ನಿಜ. ಆದರೆ ಜಿನೀವಾದ ಡೇನಿಯಲ್ ಕೊಲಾಡನ್ ಇದನ್ನೇ 1841ರಲ್ಲಿ ಮಾಡಿದ್ದರು. ಬಣ್ಣದ ಕಾರಂಜಿಗಳನ್ನು ಬೆಳಗೋಕೆ ಮುಂದೆ ಇದೇ ಉಪಾಯ ಬಳಕೆಗೆ ಬಂತು.

ಟೆಲಿಫೋನ್ ಕಂಡುಹಿಡಿದ ಬೆಲ್ ಬೆಳಕಿನಲ್ಲೂ ಮಾತು ಕಳಿಸಿದ್ದರಂತೆ, ಹೌದಾ?

ಹೌದು. 1880ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಸಹಾಯಕ ಚಾರ್ಲ್ಸ್ ಸಮ್ನರ್ ಟೈಂಟರ್ 'ಫೋಟೋಫೋನ್' ಕಟ್ಟಿದರು. ತೆಳ್ಳಗಿನ ಕನ್ನಡಿಯ ಮೇಲೆ ಬಿಸಿಲು ಬೀಳಿಸಿ, ಅದರ ಹಿಂದೆ ಮಾತಾಡಿದರೆ ಕನ್ನಡಿ ಅದುರುತ್ತಿತ್ತು. ಬೆಳಕಿನ ಕೋಲೂ ಅದರ ಜೊತೆ ಅದುರುತ್ತಿತ್ತು. ಆ ಕಡೆ ಸೆಲೆನಿಯಮ್ ತುಂಡು ಅದನ್ನು ಮತ್ತೆ ಸದ್ದು ಮಾಡುತ್ತಿತ್ತು. ವಾಷಿಂಗ್ಟನ್ನಿನ ಒಂದು ಶಾಲೆಯ ಮಾಳಿಗೆಯಿಂದ ಸುಮಾರು 213 ಮೀಟರ್ ದೂರದ ತಮ್ಮ ಲ್ಯಾಬಿಗೆ ಮಾತು ಕಳಿಸಿದರು. ಟೆಲಿಫೋನಿಗಿಂತ ಇದೇ ದೊಡ್ಡದು ಅಂತ ಬೆಲ್ ನಂಬಿದ್ದರು. ಮೋಡ ಕವಿದರೆ ಮಾತ್ರ ಮಾತು ನಿಂತುಹೋಗುತ್ತಿತ್ತು!

ಹಾಗಾದರೆ ಫೈಬರ್ ಮೊದಲು ಫೋನಿಗೆ ಬಂತಾ?

ಇಲ್ಲ, ಹೊಟ್ಟೆ ನೋಡೋಕೆ ಬಂತು. 1930ರಲ್ಲಿ ಮ್ಯೂನಿಕ್‌ನ ಮೆಡಿಕಲ್ ವಿದ್ಯಾರ್ಥಿ ಹೈನ್ರಿಕ್ ಲಾಮ್ ಗಾಜಿನ ಎಳೆಗಳ ಕಟ್ಟಿನ ಮೂಲಕ ಬಲ್ಬಿನ ತಂತಿಯ ಚಿತ್ರ ದಾಟಿಸಿದರು. ಚಿತ್ರ ಅಷ್ಟೇನೂ ಚೆನ್ನಾಗಿರಲಿಲ್ಲ. ಬರಿ ಗಾಜಿನ ಎಳೆಗಳು ಒಂದಕ್ಕೊಂದು ತಾಗಿದ ಕಡೆಯಲ್ಲೆಲ್ಲಾ ಬೆಳಕು ಸೋರುತ್ತೆ. ಬೆರಳಿನ ಜಿಡ್ಡು ಅಂಟಿದರೂ ಸೋರುತ್ತೆ.

1954ರ ಜನವರಿಯಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಹಾಲೆಂಡಿನ ಅಬ್ರಹಾಂ ವಾನ್ ಹೀಲ್ ಅವರದ್ದು. ಇನ್ನೊಂದು ಲಂಡನ್ನಿನ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಅವರ ಶಿಷ್ಯ, ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಅವರದ್ದು. ಎಳೆಗೆ ಹೊದಿಕೆ ಬೇಕು ಅನ್ನೋ ಮಾತು ವಾನ್ ಹೀಲ್ ಲೇಖನದಲ್ಲಿತ್ತು. ಆ ಸಲಹೆ ಅವರಿಗೆ ಕೊಟ್ಟಿದ್ದು ಅಮೆರಿಕದ ಬ್ರಯಾನ್ ಓಬ್ರಯನ್.

ಸರಿಯಾದ ಹೊದಿಕೆ ಮಾಡಿದ್ದು ಮಾತ್ರ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿದ್ದ ಲಾರೆನ್ಸ್ ಕರ್ಟಿಸ್. 1956ರ ಡಿಸೆಂಬರ್‌ನಲ್ಲಿ ಅವನು ಒಂದು ಗಾಜಿನ ಕಡ್ಡಿಯನ್ನು ಬೇರೆ ಜಾತಿಯ ಗಾಜಿನ ಕೊಳವೆಯೊಳಗೆ ತೂರಿಸಿ, ಎರಡನ್ನೂ ಒಟ್ಟಿಗೆ ಕರಗಿಸಿ ಎಳೆದ. ತಿರುಳು ಮತ್ತು ಹೊದಿಕೆ ಒಂದೇ ಎಳೆಯಾಗಿ ಬಂತು. ಎರಡು ತಿಂಗಳಲ್ಲಿ ಅದರಿಂದ ಮಾಡಿದ, ಹೊಟ್ಟೆಯೊಳಗೆ ನೋಡುವ ಗ್ಯಾಸ್ಟ್ರೋಸ್ಕೋಪನ್ನು ಡಾಕ್ಟರ್ ಬೇಸಿಲ್ ಹಿರ್ಷೋವಿಟ್ಜ್ ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು.

ಕಪಾನಿಗೆ ನೊಬೆಲ್ ತಪ್ಪಿಸಿದರು ಅಂತಾರಲ್ಲ?

ಈ ಪ್ರಶ್ನೆ ಬಂದ ಕಡೆಯಲ್ಲೆಲ್ಲಾ ಜಗಳ ಶುರುವಾಗುತ್ತೆ. ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಕಪಾನಿ ದೊಡ್ಡವರು. 'ಫೈಬರ್ ಆಪ್ಟಿಕ್ಸ್' ಅನ್ನೋ ಹೆಸರನ್ನು ಬಳಕೆಗೆ ತಂದವರು, ಆ ವಿಷಯದ ಬಗ್ಗೆ ಜಗತ್ತಿಗೆ ಹೇಳಿಕೊಟ್ಟವರು. ಬೆಳಕು ನೇರ ಮಾತ್ರ ಹೋಗುತ್ತೆ ಅಂತ ಡೆಹ್ರಾಡೂನಿನ ಮೇಷ್ಟ್ರು ಹೇಳಿದ್ದೇ ತಮ್ಮ ತಲೆಗೆ ಹುಳ ಬಿಟ್ಟಿದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. 2020ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು.

ಆದರೆ ಅವರು ಮಾಡಿದ್ದು ಚಿತ್ರ ದಾಟಿಸುವ ಕಟ್ಟುಗಳ ಕೆಲಸ, ದೂರ ಒಂದೆರಡು ಮೀಟರ್. 2009ರ ನೊಬೆಲ್ ಬಂದಿದ್ದು ದೂರ ಸಂಪರ್ಕಕ್ಕೆ ಬೆಳಕನ್ನು ಫೈಬರಿನಲ್ಲಿ ಸಾಗಿಸಿದ ಕೆಲಸಕ್ಕೆ. ಅದು ಚಾರ್ಲ್ಸ್ ಕಾವೊ ಅವರದ್ದು. ಎರಡೂ ಬೇರೆ ಬೇರೆ ಪ್ರಶ್ನೆಗಳು. ಕಪಾನಿಯವರನ್ನೂ ಸೇರಿಸಿಕೊಳ್ಳಬಹುದಿತ್ತು ಅನ್ನೋರ ಮಾತಿನಲ್ಲೂ ತೂಕ ಇದೆ. ಕಾವೊ ಕದ್ದರು ಅನ್ನೋದು ಮಾತ್ರ ಸುಮ್ನೆ ಮಾತು.

1960ರಲ್ಲೇ ಲೇಸರ್ ಬಂತು. ಆಗಲೇ ಯಾಕೆ ಫೈಬರಿಗೆ ಹಾಕಲಿಲ್ಲ?

1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಬೆಳಕಿನ ಕಂಪನ ರೇಡಿಯೋಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಮಾಹಿತಿಯನ್ನೂ ಅಷ್ಟು ಜಾಸ್ತಿ ತುಂಬಬಹುದು ಅಂತ ಫೋನ್ ಕಂಪನಿಗಳಿಗೆಲ್ಲಾ ಗೊತ್ತಿತ್ತು. ಆದರೆ ದಾರಿ ಯಾವುದು? ಬಯಲಲ್ಲಿ ಬಿಟ್ಟರೆ ಮಳೆ, ಮಂಜು. ಬೆಲ್‌ಗೆ 80 ವರ್ಷದ ಹಿಂದೆ ಬಂದ ಕಷ್ಟವೇ.

ಅಮೆರಿಕದ ಫೋನ್ ಕಂಪನಿಯ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್ ಬೇರೆ ಬೇರೆ ಹಾದಿ ಹಿಡಿಯಿತು. ನೆಲದಡಿ ಕೊಳವೆ ಹೂತು, ಅದರೊಳಗೆ ಅಷ್ಟಷ್ಟು ದೂರಕ್ಕೆ ಲೆನ್ಸ್ ಇಟ್ಟು ನೋಡಿದರು. ಗಾಜಿನ ಲೆನ್ಸ್ ಬದಲು ಬಿಸಿ ಮಾಡಿದ ಅನಿಲವನ್ನೇ ಲೆನ್ಸ್ ಮಾಡಿ ನೋಡಿದರು. ಹೆಚ್ಚು ದುಡ್ಡು, ಹೆಚ್ಚು ಭರವಸೆ ಇದ್ದಿದ್ದು ಮಿಲಿಮೀಟರ್ ಅಲೆ (ಮಿಲಿಮೀಟರ್ ಲೆಕ್ಕದ ಉದ್ದದ ರೇಡಿಯೋ ಅಲೆ) ಸಾಗಿಸುವ ಟೊಳ್ಳು ಲೋಹದ ಕೊಳವೆ ಮೇಲೆ. ಅದನ್ನು ಹೆಚ್ಚುಕಡಿಮೆ ದಾರ ಹಿಡಿದ ಹಾಗೆ ನೇರವಾಗಿ ಹೂಳಬೇಕಿತ್ತು. ಊರು, ಕೆರೆ, ಗುಡ್ಡ ಇರುವ ಭೂಮಿಯಲ್ಲಿ ಅದು ಹೇಗೆ ಸಾಧ್ಯ ಹೇಳಿ!

ಗಾಜಿನ ಎಳೆಯ ಹೆಸರು ಎತ್ತಿದರೆ ನಗುತ್ತಿದ್ದರು. ಅವತ್ತಿನ ಎಳೆಯ ಲಾಸ್ ಕಿಲೋಮೀಟರಿಗೆ ಸುಮಾರು 1000 ಡೆಸಿಬೆಲ್.

ಡೆಸಿಬೆಲ್ ಅಂದರೆ ಸದ್ದಿನ ಅಳತೆ ಅಲ್ವಾ? ಇಲ್ಲಿ ಏನು ಅರ್ಥ?

ಇಲ್ಲಿ 'ಎಷ್ಟು ಪಾಲು ಉಳಿಯಿತು' ಅನ್ನೋದರ ಲೆಕ್ಕ. 10 ಡೆಸಿಬೆಲ್ ಹೋದರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತೆ. 20 ಹೋದರೆ ನೂರರಲ್ಲಿ ಒಂದು. 30 ಹೋದರೆ ಸಾವಿರದಲ್ಲಿ ಒಂದು. 1000 ಹೋದರೆ? 1ರ ಮುಂದೆ ನೂರು ಸೊನ್ನೆ ಬರೆದ ಸಂಖ್ಯೆಯಲ್ಲಿ ಒಂದು ಪಾಲು. ಅಂದರೆ ಒಂದು ಕಿಲೋಮೀಟರ್ ಆಚೆಗೆ ಕತ್ತಲೆ, ಬೇರೇನೂ ಇಲ್ಲ.

ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವಷ್ಟು ದೂರವನ್ನೇ ಅಳತೆಗೋಲು ಮಾಡಿಕೊಳ್ಳಿ. 1960ರ ದಶಕದ ಎಳೆಯಲ್ಲಿ ಆ ದೂರ 20 ಮೀಟರ್, ಅಂದರೆ ನಮ್ಮ ಮನೆ ಗೇಟಿನಿಂದ ಎದುರು ಬದಿಯ ಅಂಗಡಿವರೆಗೆ. ಕಾವೊ ಇಟ್ಟ ಗುರಿ 1 ಕಿಲೋಮೀಟರ್. 1979ರಲ್ಲಿ ಜಪಾನಿನವರು ಮುಟ್ಟಿದ್ದು 100 ಕಿಲೋಮೀಟರ್. ಇಡೀ ಕಥೆ ಈ ಮೂರು ಸಂಖ್ಯೆಗಳ ನಡುವೆ ನಡೆಯಿತು.

ಕಾವೊ ನಿಜವಾಗಿ ಮಾಡಿದ್ದೇನು? ಅವರು ಫೈಬರ್ ಮಾಡಲಿಲ್ಲ ಅಂತಾರೆ.

ಮಾಡಲಿಲ್ಲ. ಅವರು ಪ್ರಶ್ನೆಯನ್ನು ಬದಲಾಯಿಸಿದರು. ಶಾಂಘೈಯಲ್ಲಿ 1933ರಲ್ಲಿ ಹುಟ್ಟಿದ ಕಾವೊ ಇಂಗ್ಲೆಂಡಿನ ಹಾರ್ಲೋ ಊರಿನ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಷನ್ ಲ್ಯಾಬೊರೇಟರೀಸ್‌ನಲ್ಲಿದ್ದರು. ಗಾಜು ಬೆಳಕನ್ನು ಇಷ್ಟು ನುಂಗುತ್ತೆ ಅಂತ ಎಲ್ಲರೂ ಅಳೆದಿದ್ದರು. ನುಂಗುತ್ತಿರುವುದು ಗಾಜೋ ಅಥವಾ ಗಾಜಿನೊಳಗಿನ ಕೊಳೆಯೋ ಅಂತ ಕಾವೊ ಕೇಳಿದರು.

ಗಾಜಿನ ಕಪಾಟಿನ ಹಲಗೆಯನ್ನು ಬದಿಯಿಂದ ನೋಡಿದ್ದೀರಾ? ಅಂಚು ಹಸಿರಾಗಿರುತ್ತೆ. ಎದುರಿನಿಂದ ನೋಡಿದರೆ ತಿಳಿ, ಅಡ್ಡಲಾಗಿ ನೋಡಿದರೆ ಹಸಿರು. ಆ ಹಸಿರು ಕಬ್ಬಿಣದ್ದು. ಮರಳಿನ ಜೊತೆ ಬಂದ ಕಬ್ಬಿಣ. ಅಂಥ ಲೋಹಗಳನ್ನು ಹತ್ತು ಲಕ್ಷದಲ್ಲಿ ಒಂದು ಭಾಗದ ಮಟ್ಟಕ್ಕೆ ಇಳಿಸಿದರೆ ಲಾಸ್ ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಯಬಹುದು, ಅಷ್ಟಾದರೆ ಫೋನಿಗೆ ಸಾಕು ಅಂತ ಕಾವೊ ಮತ್ತು ಜಾರ್ಜ್ ಹಾಕಮ್ 1966ರ ಜುಲೈನಲ್ಲಿ ಪ್ರಕಟಿಸಿದರು. ಗಾಜಿನ ಸ್ವಂತ ದೋಷ ಬಹಳ ಕಡಿಮೆ ಅನ್ನೋದು ಅವರ ವಾದದ ಜೀವ.

ಬರೆದು ಕೂರಲಿಲ್ಲ ಅನ್ನೋದು ನನಗೆ ಇನ್ನೂ ಮುಖ್ಯ. ಗಾಜು ಮಾಡುವವರ ಬಾಗಿಲು ಬಾಗಿಲಿಗೆ ಹೋಗಿ ಬೇಡಿದರು. ಸಿಕ್ಕ ಗಾಜಿನ ತುಂಡುಗಳನ್ನೆಲ್ಲಾ ಅಳೆದರು. ದಶಕ ಮುಗಿಯುವ ಹೊತ್ತಿಗೆ ಶುದ್ಧ ಸಿಲಿಕಾ ಗಾಜಿನಲ್ಲಿ ಕಿಲೋಮೀಟರಿಗೆ 5 ಡೆಸಿಬೆಲ್ ಆಸುಪಾಸಿನ ಲಾಸ್ ತೋರಿಸಿದರು. ಅಲ್ಲಿಗೆ ನಗು ನಿಂತಿತು. 1970ರಲ್ಲಿ ಅವರು ಪಾಠ ಹೇಳಲು ಹಾಂಗ್‌ಕಾಂಗ್‌ಗೆ ಹೋದರು. ನೊಬೆಲ್ ಬಂದಾಗ ಅವರನ್ನು ಅಲ್ಜೈಮರ್ಸ್ ಹಿಡಿದಿತ್ತು. ನೊಬೆಲ್ ಭಾಷಣವನ್ನು ಹೆಂಡತಿ ಗ್ವೆನ್ ಓದಿದರು.

20 ಡೆಸಿಬೆಲ್ ಗೆರೆ ದಾಟಿದವರು ಯಾರು?

ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಂಪನಿಯ ಮೂವರು: ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್, ಪೀಟರ್ ಶುಲ್ಟ್ಸ್. ಉಳಿದವರೆಲ್ಲಾ ಸಾಧಾರಣ ಗಾಜನ್ನು ತೊಳೆದು ತೊಳೆದು ಶುದ್ಧ ಮಾಡೋಕೆ ಹೊರಟಿದ್ದರು. ಇವರು ಉಲ್ಟಾ ಹೋದರು. ಮೊದಲೇ ಅತಿ ಶುದ್ಧವಾಗಿದ್ದ ಸಿಲಿಕಾ ತಗೊಂಡು, ತಿರುಳಿಗೆ ಬೇಕಂತಲೇ ಚೂರು ಟೈಟಾನಿಯಮ್ ಬೆರೆಸಿದರು. ಶುದ್ಧ ಸಿಲಿಕಾ ಬೆಳಕನ್ನು ಬಗ್ಗಿಸೋದು ಕಡಿಮೆ, ಹಾಗಾಗಿ ಅದು ಹೊದಿಕೆಗೆ ಸರಿ. ತಿರುಳು ಜಾಸ್ತಿ ಬಗ್ಗಿಸಬೇಕು ಅಂದರೆ ಏನಾದರೂ ಬೆರೆಸಲೇಬೇಕಲ್ಲ! ಸಿಲಿಕಾ ಕರಗಿಸೋದು ಸುಲಭ ಅಲ್ಲ, ಎಳೆ ಎಳೆಯೋಕೆ ಸುಮಾರು 2000 ಡಿಗ್ರಿ ಶಾಖ ಬೇಕು. ಆದರೆ ಕಾರ್ನಿಂಗ್‌ನವರಿಗೆ ಸಿಲಿಕಾ ಹಳೆಯ ನಂಟು. 1930ರ ದಶಕದಲ್ಲೇ ಅವರ ಫ್ರಾಂಕ್ ಹೈಡ್ ಆವಿಯಿಂದ ಸಿಲಿಕಾ ಮಾಡುವ ವಿಧಾನ ಕಂಡುಕೊಂಡಿದ್ದರು.

1970ರ ಆಗಸ್ಟಿನ ಒಂದು ಶುಕ್ರವಾರ, ಸಂಜೆಯ ಹೊತ್ತು. ಕೆಕ್ ಕಾಯಿಸಿ ಹದ ಮಾಡಿದ ಎಳೆಯೊಂದನ್ನು ಲೇಸರ್ ಮುಂದೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡುತ್ತಾ ಸರಿಸುತ್ತಿದ್ದರು. ಬೆಳಕು ಸರಿಯಾಗಿ ತಿರುಳಿಗೆ ಬಿದ್ದ ಕೂಡಲೇ ಕಣ್ಣಿಗೆ ಚುಚ್ಚಿದ ಹಾಗೆ ಹೊಳಪು ವಾಪಸ್ ಬಂತು. ಬೆಳಕು ಎಳೆಯ ಆ ತುದಿಗೆ ಹೋಗಿ, ಅಲ್ಲಿ ತಾಗಿ, ಮತ್ತೆ ಈ ತುದಿಗೆ ಬಂದಿತ್ತು. ಅಷ್ಟಾದರೂ ಕಣ್ಣು ಕುಕ್ಕುವಷ್ಟು ಉಳಿದಿತ್ತು! ಅಳೆದರೆ ಕಿಲೋಮೀಟರಿಗೆ 17 ಡೆಸಿಬೆಲ್. ನೋಟ್‌ಬುಕ್ಕಿನಲ್ಲಿ ಸಂಖ್ಯೆ ಬರೆದು ಪಕ್ಕದಲ್ಲಿ 'ವೂಪೀ!' ಅಂತ ಗೀಚಿದರು.

ಆ ಎಳೆಗೂ ಒಂದು ಕೊರತೆ ಇತ್ತು. ಕಾಯಿಸಿದ ಮೇಲೆ ಪೆಡಸಾಗಿ ಪಟ್ ಅಂತ ಮುರಿಯುತ್ತಿತ್ತು. 1972ರಲ್ಲಿ ಟೈಟಾನಿಯಮ್ ಬಿಟ್ಟು ಜರ್ಮೇನಿಯಮ್ ಹಾಕಿದರು. ಲಾಸ್ 4ಕ್ಕೆ ಇಳಿಯಿತು, ಮುರಿಯೋದೂ ನಿಂತಿತು. ಇವತ್ತಿನ ಹೆಚ್ಚಿನ ಫೈಬರಿನ ತಿರುಳಿನಲ್ಲೂ ಜರ್ಮೇನಿಯಮ್ಮೇ ಇರೋದು.

ಅಷ್ಟು ಶುದ್ಧ ಗಾಜು ಮಾಡೋದು ಹೇಗೆ?

ಮರಳನ್ನು ಕರಗಿಸಿ ಅಲ್ಲ. ಭಟ್ಟಿ ಇಳಿಸಿ! ಸಿಲಿಕಾನ್ ಟೆಟ್ರಾಕ್ಲೋರೈಡ್ ಅಂತ ಒಂದು ದ್ರವ ಇದೆ. ಅದು ಸುಲಭವಾಗಿ ಆವಿಯಾಗುತ್ತೆ. ಕಬ್ಬಿಣದ ಕ್ಲೋರೈಡ್ ಆ ಶಾಖಕ್ಕೆ ಆವಿಯಾಗದೆ ತಳದಲ್ಲೇ ಉಳಿಯುತ್ತೆ. ಮೇಲೆ ಬಂದ ಆವಿಯನ್ನು ಆಮ್ಲಜನಕದ ಜೊತೆ ಸುಟ್ಟರೆ ಬಿಳಿ ಮಸಿಯ ಹಾಗೆ ಸಿಲಿಕಾ ಬೀಳುತ್ತೆ. ನಮ್ಮ ಲಾಟೀನಿನ ಗಾಜಿಗೆ ಕಪ್ಪು ಮಸಿ ಹಿಡಿಯುತ್ತಲ್ಲ, ಹಾಗೇ, ಆದರೆ ಬಿಳಿ. ಅದನ್ನು ಕೊಳವೆಯ ಒಳಗೆ ಪದರ ಪದರವಾಗಿ ಕೂರಿಸುವ ಒಂದು ಪಕ್ಕಾ ವಿಧಾನವನ್ನು ಬೆಲ್ ಲ್ಯಾಬ್ಸ್‌ನ ಜಾನ್ ಮ್ಯಾಕ್‌ಚೆಸ್ನಿ 1974ರಲ್ಲಿ ಕೊಟ್ಟರು.

ಹೀಗೆ ತಯಾರಾದ ದಪ್ಪ ಗಾಜಿನ ಕೋಲಿಗೆ ಪ್ರಿಫಾರ್ಮ್ ಅಂತಾರೆ. ಎತ್ತರದ ಗೋಪುರದ ತುದಿಯಲ್ಲಿ ಅದರ ಕೆಳತುದಿಯನ್ನು ಕಾಯಿಸುತ್ತಾರೆ. ಬೆಲ್ಲದ ಪಾಕ ಎಳೆ ಬರೋದು ನೋಡಿದ್ದೀರಲ್ಲ, ಹಾಗೆ ಒಂದು ಹನಿ ಇಳಿದು ಹಿಂದೆ ಎಳೆ ಬಿಡುತ್ತೆ. ಆ ಎಳೆಯನ್ನು ಸುತ್ತುಗಾಲಿಗೆ ಹಚ್ಚಿ ಎಳೆಯುತ್ತಾರೆ. ದಪ್ಪ 125 ಮೈಕ್ರಾನ್, ಮಿಲಿಮೀಟರಿನ ಎಂಟನೇ ಒಂದು ಪಾಲು. ತಣ್ಣಗಾದ ಕೂಡಲೇ ಪ್ಲಾಸ್ಟಿಕ್ ಲೇಪ. ಕೋಲಿನಲ್ಲಿ ತಿರುಳು, ಹೊದಿಕೆ ಯಾವ ಅಳತೆಯಲ್ಲಿದ್ದವೋ ಎಳೆಯಲ್ಲೂ ಅದೇ ಅಳತೆಯಲ್ಲಿ ಸಣ್ಣಗಾಗಿ ಕೂರುತ್ತವೆ. ನನಗೆ ಇವತ್ತಿಗೂ ಇದು ಮಾಯೆ ಅನ್ನಿಸುತ್ತೆ.

ಬೆಳಕಿನ ಮೂಲ ಏನಾಗಿತ್ತು?

ಫೈಬರಿಗೆ ಬೇಕಾಗಿದ್ದು ಸಾಸಿವೆಗಿಂತ ಸಣ್ಣ ಲೇಸರ್. 1962ರಲ್ಲಿ ಬಂದ ಅರೆವಾಹಕ ಲೇಸರ್‌ಗಳನ್ನು ದ್ರವ ಸಾರಜನಕದಲ್ಲಿ ತಣ್ಣಗಿಡಬೇಕಿತ್ತು, ಅವು ಮಿಣುಕು ಮಿಣುಕಾಗಿ ಮಾತ್ರ ಉರಿಯುತ್ತಿದ್ದವು. 1970ರಲ್ಲಿ ಲೆನಿನ್‌ಗ್ರಾಡಿನ ಝೋರೆಸ್ ಅಲ್ಫೆರೋವ್ ತಂಡ, ಅದರ ಬೆನ್ನಲ್ಲೇ ಬೆಲ್ ಲ್ಯಾಬ್ಸ್‌ನ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಷ್, ಕೋಣೆಯ ಶಾಖದಲ್ಲೇ ಬಿಡದೆ ಉರಿಯುವ ಲೇಸರ್ ಮಾಡಿದರು. ಬೇರೆ ಬೇರೆ ವಸ್ತುವಿನ ಪದರಗಳ ನಡುವೆ ಸ್ಯಾಂಡ್‌ವಿಚ್ ಮಾಡಿದ್ದು ಅದರ ಗುಟ್ಟು. ಎಳೆ, ಲೇಸರ್ ಎರಡೂ ಒಂದೇ ವರ್ಷದಲ್ಲಿ ಸಿಕ್ಕಿದ್ದು ಅದೃಷ್ಟವೇ ಸರಿ.

ಮೊದಲು ಬಳಸಿದ್ದು ಎಲ್ಲಿ? ಭಾರತಕ್ಕೆ ಯಾವಾಗ ಬಂತು?

1975ರಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಪೊಲೀಸರ ಸಂಪರ್ಕ ವ್ಯವಸ್ಥೆ ಸಿಡಿಲಿಗೆ ಸುಟ್ಟುಹೋಯಿತು. ತಾಮ್ರದ ಬದಲು ಫೈಬರ್ ಹಾಕಿಸಿಕೊಂಡರು. ಗಾಜಿನಲ್ಲಿ ಕರೆಂಟ್ ಹರಿಯೋದಿಲ್ಲವಲ್ಲ!

ಸಾಮಾನ್ಯರ ಫೋನ್ ಮಾತು ಫೈಬರಿನಲ್ಲಿ ಹೋಗಿದ್ದು 1977ರ ಏಪ್ರಿಲ್ 22ರಂದು, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ಸೆಕೆಂಡಿಗೆ 6 ಮೆಗಾಬಿಟ್. ಮುಂದಿನ ತಿಂಗಳು ಷಿಕಾಗೋ ಬೀದಿಗಳಡಿ 45 ಮೆಗಾಬಿಟ್, ಒಂದು ಜೋಡಿ ಎಳೆಯಲ್ಲಿ 672 ಕರೆ. ಮಿಲಿಮೀಟರ್ ಕೊಳವೆಯ ಕಥೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ 1979ರಲ್ಲೇ ಪುಣೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವೆ ಫೈಬರ್ ಹಾಕಿದ್ದರು. ಮನೆಯಲ್ಲಿ ಫೋನ್ ಬೇಕು ಅಂದರೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು.

ಫೈಬರಿನ ಬೆಳಕು ಕಣ್ಣಿಗೆ ಯಾಕೆ ಕಾಣೋದಿಲ್ಲ?

ಕಣ್ಣಿಗೆ ಕಾಣುವ ಬೆಳಕು ಗಾಜಿನಲ್ಲಿ ಜಾಸ್ತಿ ಚದುರುತ್ತೆ. ಆಕಾಶ ನೀಲಿಯಾಗಿರೋದಕ್ಕೆ ಇರುವ ಕಾರಣವೇ ಇಲ್ಲೂ ಇದೆ. ಅಲೆ ಉದ್ದವಾದಷ್ಟೂ ಚದುರೋದು ಕಡಿಮೆ. ತೀರಾ ಉದ್ದವಾದರೆ ಗಾಜೇ ನುಂಗೋಕೆ ಶುರುಮಾಡುತ್ತೆ. ಎರಡರ ನಡುವಿನ ಹದ 1550 ನ್ಯಾನೋಮೀಟರ್. ಜಪಾನಿನ ಫೋನ್ ಕಂಪನಿ ಎನ್‌ಟಿಟಿ 1979ರಲ್ಲಿ ಕಿಲೋಮೀಟರಿಗೆ 0.2 ಡೆಸಿಬೆಲ್ ಮುಟ್ಟಿದ್ದು ಇಲ್ಲೇ. ಕಾಣದ ಬೆಳಕು ಅಂತ ಬಿಚ್ಚಿದ ತುದಿಗೆ ಕಣ್ಣಿಟ್ಟು ನೋಡಬೇಡಿ, ಅಪಾಯ.

ಚದುರುವ ಮಾತು ಬಂತು, ನಮ್ಮ ಸಿ.ವಿ. ರಾಮನ್ ಇಲ್ಲಿಗೂ ಬಂದಿದ್ದಾರೆ. ಅವರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡ ಪರಿಣಾಮ ಗಾಜಿನ ಎಳೆಯಲ್ಲೂ ಇದೆ. 1970ರ ದಶಕದ ಮೊದಲಲ್ಲಿ ಬೆಲ್ ಲ್ಯಾಬ್ಸ್‌ನ ರೋಜರ್ಸ್ ಸ್ಟೋಲೆನ್ ಅದನ್ನೇ ಬಳಸಿ ಫೈಬರಿನೊಳಗೆ ಬೆಳಕನ್ನು ಬಲಪಡಿಸಿ ತೋರಿಸಿದರು. 'ರಾಮನ್ ಆಂಪ್ಲಿಫೈಯರ್' ಈಗ ದೂರದ ಲೈನುಗಳಲ್ಲಿ ಮಾಮೂಲಿ.

ಸಮುದ್ರದೊಳಗೆ ಯಾವಾಗ ಇಳಿಯಿತು? ಶಾರ್ಕ್ ಕಚ್ಚಿದ್ದು ನಿಜವಾ?

ನಿಜ. 1985ರಲ್ಲಿ ಕ್ಯಾನರಿ ದ್ವೀಪಗಳ ಹತ್ತಿರ ಪರೀಕ್ಷೆಗೆ ಹಾಕಿದ ಕೇಬಲ್ಲಿನಲ್ಲಿ ಶಾರ್ಕ್ ಹಲ್ಲುಗಳೇ ಸಿಕ್ಕವು. ಆಮೇಲೆ ಹೊರಕವಚ ಗಟ್ಟಿ ಮಾಡಿದರು.

ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ಲಿನ ಹೆಸರು ಟಿಎಟಿ-8. 1988ರ ಡಿಸೆಂಬರ್‌ನಲ್ಲಿ ಶುರುವಾಯಿತು. ಏಕಕಾಲಕ್ಕೆ 40,000 ಫೋನ್ ಮಾತು. 1956ರ ತಾಮ್ರದ ಟಿಎಟಿ-1ರಲ್ಲಿ ಹೋಗುತ್ತಿದ್ದದ್ದು 36! ಆದರೆ ಟಿಎಟಿ-8ರಲ್ಲಿ ದಾರಿಯುದ್ದಕ್ಕೂ ಅಲ್ಲಲ್ಲಿ ಬೆಳಕನ್ನು ಕರೆಂಟ್ ಮಾಡಿ, ಮತ್ತೆ ಬೆಳಕು ಮಾಡಬೇಕಿತ್ತು. ಆ ಹೊತ್ತಿಗಾಗಲೇ ಸೌತಾಂಪ್ಟನ್‌ನ ಡೇವಿಡ್ ಪೇನ್ ತಂಡ 1987ರಲ್ಲಿ ಎರ್ಬಿಯಮ್ ಬೆರೆಸಿದ ಫೈಬರಿನಿಂದ ಬೆಳಕನ್ನು ಬೆಳಕಾಗಿಯೇ ಬಲಪಡಿಸಿತ್ತು. ಅದೂ 1550ರ ಆಸುಪಾಸಿನಲ್ಲೇ ಕೆಲಸ ಮಾಡುತ್ತೆ. ಮುಂದಿನ ಕೇಬಲ್ಲುಗಳು ಅದನ್ನೇ ಹಿಡಿದವು.

ತುಂಡಾದ ಗಾಜಿನ ಎಳೆಯನ್ನು ಹೇಗೆ ಸೇರಿಸ್ತಾರೆ?

ನಮ್ಮ ಮನೆಗೆ ಬಂದ ಹುಡುಗ ಜಗುಲಿಯ ಮೇಲೆ ಟವೆಲ್ ಹಾಸಿ ಕೂತ. ಮೇಲಿನ ಪ್ಲಾಸ್ಟಿಕ್ ಲೇಪವನ್ನು ಇಕ್ಕಳದ ಹಾಗಿರುವ ಸ್ಟ್ರಿಪರಿನಿಂದ ಸುಲಿದ. ಸ್ಪಿರಿಟ್ ಹಚ್ಚಿದ ಕಾಗದದಲ್ಲಿ ಎಳೆಯನ್ನು ಒರೆಸಿದ. ಕೀರ್ ಅಂತ ಸದ್ದು ಬಂತು. ಸದ್ದು ಬಂದರೆ ಕ್ಲೀನ್ ಆಯ್ತು ಅಂತ ಲೆಕ್ಕವಂತೆ. ಕ್ಲೀವರ್ ಅನ್ನೋ ಸಣ್ಣ ಯಂತ್ರದಲ್ಲಿಟ್ಟು ತಟ್ ಅನ್ನಿಸಿದ. ಆ ಯಂತ್ರ ಎಳೆಯನ್ನು ಗೀರಿ ಮುರಿಯುತ್ತೆ, ಕತ್ತರಿಸೋದಲ್ಲ. ಹಾಗೆ ಮುರಿದರೆ ತುದಿ ಕನ್ನಡಿಯ ಹಾಗೆ ನುಣುಪಾಗಿರುತ್ತೆ.

ಆಮೇಲೆ ಎರಡೂ ತುದಿಗಳನ್ನು ಸ್ಪ್ಲೈಸಿಂಗ್ ಮಷೀನಿನಲ್ಲಿಟ್ಟು ಮುಚ್ಚಳ ಹಾಕಿದ. ಪರದೆಯ ಮೇಲೆ ಎರಡು ಎಳೆಗಳು ಹೆಬ್ಬೆರಳಷ್ಟು ದಪ್ಪ ಕಂಡವು. ಹತ್ತಿರ ಬಂದವು, ಸರಿಹೊಂದಿಕೊಂಡವು. ಒಂದು ಕಿಡಿ. ಸೇರಿಕೊಂಡವು. ತಿರುಳು ಬರೀ 8-9 ಮೈಕ್ರಾನ್, ಅದನ್ನು ಯಂತ್ರ ತಾನೇ ಎದುರುಬದುರು ಕೂರಿಸುತ್ತೆ. 1977ರವರಿಗೆ ಈ ಸುಖ ಇರಲಿಲ್ಲ. ಜೋಡಿಸೋಕೆ ಸುಲಭ ಆಗಲಿ ಅನ್ನೋದೂ ಸೇರಿ, ಆಗಿನ ಲೈನುಗಳಿಗೆ 50 ಮೈಕ್ರಾನಿನ ಅಗಲ ತಿರುಳನ್ನೇ ಹಾಕಿದ್ದರು.

ಪರದೆಯಲ್ಲಿ ಲಾಸ್ 0.02 ಅಂತ ಬಂತು. ಅರ್ಧ ಪರ್ಸೆಂಟಿಗೂ ಕಡಿಮೆ. ಒಳಗೆ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಹುಡುಗ ಮಾತ್ರ ಇನ್ನೂ ಎದ್ದಿರಲಿಲ್ಲ. ಟೇಪಿನ ಅಂಟು ಬದಿಯನ್ನು ಜಗುಲಿಗೆ ಒತ್ತಿ ಒತ್ತಿ, ಕಣ್ಣಿಗೆ ಕಾಣದ ಗಾಜಿನ ಚೂರುಗಳನ್ನು ಹೆಕ್ಕುತ್ತಿದ್ದ. "ಸ್ವಲ್ಪ ಹೊತ್ತು ಬರಿಗಾಲಲ್ಲಿ ಬರಬೇಡಿ ಅಮ್ಮಾ" ಅಂತ ಒಳಗೆ ಕೂಗಿದ.